ಕೋಚ್ ಯಾರು, ಸಾಧಕ ಯಾರು: ಉತ್ತರ ಕನ್ನಡದ ಕ್ರೀಡಾ ಗೌರವಕ್ಕೆ ಮೊದಲು ಬೇಕಿರುವುದು ದಾಖಲೆ

2024ರ ಡಿಸೆಂಬರ್ ಕೊನೆಯಲ್ಲಿ ಮೇಜರ್ ಧ್ಯಾನ್‌ಚಂದ್ ಖೇಲ್ ರತ್ನ ಪ್ರಶಸ್ತಿಗೆ ಶಿಫಾರಸಾದವರ ಹೆಸರುಗಳು ಪತ್ರಿಕೆಗಳಲ್ಲಿ ಬಂದಾಗ ಓದುಗರು ಗೊಂದಲಕ್ಕೆ ಬಿದ್ದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚಿನ ಪದಕ ಗೆದ್ದಿದ್ದ ಶೂಟರ್ ಮನು ಭಾಕರ್ ಅವರ ಹೆಸರು ಅಲ್ಲಿರಲಿಲ್ಲ. ಅರ್ಜಿಯೇ ಬಂದಿಲ್ಲ ಎಂಬ ಮಾತು ಒಂದು ಕಡೆಯಿಂದ, ಅರ್ಜಿ ಸಲ್ಲಿಸಿದ್ದೇವೆ ಎಂಬ ಮಾತು ಕುಟುಂಬದ ಕಡೆಯಿಂದ ಬಂತು. ನಾಮನಿರ್ದೇಶನ ಸಲ್ಲಿಸುವಾಗ ತನ್ನಿಂದಲೇ ಲೋಪವಾಗಿರಬಹುದು ಎಂದು ಕಡೆಗೆ ಮನು ಅವರೇ ತಿಳಿಸಿದರು. 2025ರ ಜನವರಿ 2ರಂದು ಪ್ರಕಟವಾದ ಅಂತಿಮ ಪಟ್ಟಿಯಲ್ಲಿ ಡಿ. ಗುಕೇಶ್, ಹರ್ಮನ್‌ಪ್ರೀತ್ ಸಿಂಗ್ ಮತ್ತು ಪ್ರವೀಣ್ ಕುಮಾರ್ ಅವರ ಜತೆ ಅವರ ಹೆಸರೂ ಸೇರಿತ್ತು. ದೇಶವೇ ಟಿವಿ ಮುಂದೆ ಕೂತು ನೋಡಿದ ಪದಕಕ್ಕೂ ಒಂದು ಅರ್ಜಿ ಬೇಕೆಂಬುದು ಬಹಳ ಜನರಿಗೆ ಆಗಲೇ ಗೊತ್ತಾದದ್ದು.

ಇದಕ್ಕಿಂತ ಸೂಕ್ಷ್ಮವಾದ ಗೊಂದಲವೊಂದನ್ನು ಉತ್ತರ ಕನ್ನಡದವರು 2021ರಲ್ಲೇ ಹತ್ತಿರದಿಂದ ಕಂಡಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದ ಬೆನ್ನಿಗೆ, ಶಿರಸಿ ಮೂಲದ ಜಾವೆಲಿನ್ ತರಬೇತುದಾರ ಕಾಶಿನಾಥ ನಾಯ್ಕ ಅವರಿಗೆ ರಾಜ್ಯ ಸರ್ಕಾರ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಅವರು ನೀರಜ್‌ಗೆ ಕೋಚ್ ಆಗಿದ್ದವರಲ್ಲ ಎಂದು ರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್‌ನ ಅಂದಿನ ಅಧ್ಯಕ್ಷರು ಹೇಳಿದರು. ರಾಷ್ಟ್ರೀಯ ಶಿಬಿರದಲ್ಲಿ ತಾವು ತರಬೇತಿ ನೀಡಿದ್ದು ಹೌದು ಎಂದು ನಾಯ್ಕ ಹೇಳಿದರು. ಶಿರಸಿಯಲ್ಲಿ ಅಭಿಮಾನದಿಂದ ಶುರುವಾದ ಮಾತು ಎರಡೇ ದಿನದಲ್ಲಿ ನಿಜ ಸುಳ್ಳಿನ ಚರ್ಚೆಯಾಗಿ ತಿರುಗಿತು.

ಜಿಲ್ಲೆಯ ಕ್ರೀಡಾಪಟುಗಳಿಗೂ ತರಬೇತುದಾರರಿಗೂ ಜಿಲ್ಲೆಯಲ್ಲೇ ಶಾಶ್ವತವಾದ ಗೌರವದ ಸ್ಥಾನವೊಂದು, ಹಾಲ್ ಆಫ್ ಫೇಮ್ ಮಾದರಿಯದು, ಇರಬಾರದೇಕೆ ಎಂಬ ಪ್ರಶ್ನೆ ಇಂಥ ಹೊತ್ತಿನಲ್ಲಿ ಸಹಜವಾಗಿ ಏಳುತ್ತದೆ. ಇರಬೇಕು ಎಂಬುದೇ ಈ ಲೇಖನದ ನಿಲುವು. ಆದರೆ ಅದರ ಮೊದಲ ಕಲ್ಲು ಕಟ್ಟಡದ್ದಾಗಬಾರದು, ದಾಖಲೆಯದಾಗಬೇಕು. ಏಕೆಂದರೆ ಮೇಲಿನ ಎರಡು ಗೊಂದಲಗಳೂ ಹುಟ್ಟಿದ್ದು ದಾಖಲೆಯ ಕೊರತೆಯಿಂದ.

ಪ್ರಶಸ್ತಿ ಬೇರೆ, ಹಾಲ್ ಆಫ್ ಫೇಮ್ ಬೇರೆ

ಅರ್ಜುನ ಪ್ರಶಸ್ತಿ 1961ರಲ್ಲಿ, ತರಬೇತುದಾರರಿಗೆ ಸಲ್ಲುವ ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ, ಖೇಲ್ ರತ್ನ 1991–92ರಲ್ಲಿ ಆರಂಭವಾದವು. ರಾಜ್ಯದಲ್ಲಿ ಏಕಲವ್ಯ ಪ್ರಶಸ್ತಿಯಿದೆ, ಗ್ರಾಮೀಣ ಆಟಗಳಿಗೆಂದೇ ಕರ್ನಾಟಕ ಕ್ರೀಡಾ ರತ್ನವಿದೆ, ಕ್ರೀಡೆಯನ್ನು ಬೆಳೆಸುವ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿಯಿದೆ. ನವೆಂಬರ್ 1ರಂದು ಜಿಲ್ಲಾಡಳಿತ ಕೊಡುವ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲೂ ಕ್ರೀಡೆಗೆ ಜಾಗವಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದು ಅವಧಿಗೆ ಕಟ್ಟುಬಿದ್ದ ಗೌರವಗಳು. ಖೇಲ್ ರತ್ನ, ಅರ್ಜುನ ಪ್ರಶಸ್ತಿಗಳಲ್ಲಿ ಹಿಂದಿನ ನಾಲ್ಕು ವರ್ಷಗಳ ಸಾಧನೆಗೇ ಹೆಚ್ಚಿನ ತೂಕ. ಅರ್ಜಿ, ಪ್ರಮಾಣಪತ್ರ, ಶಿಫಾರಸು ಎಲ್ಲವೂ ನಿಗದಿತ ದಿನದೊಳಗೆ ತಲುಪಬೇಕು.

ಹಾಲ್ ಆಫ್ ಫೇಮ್ ಹುಟ್ಟಿದ್ದೇ ಬೇರೆ ಉದ್ದೇಶದಿಂದ. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮೊದಲ ಆಯ್ಕೆ ನಡೆದದ್ದು 1936ರಲ್ಲಿ. ಅಲ್ಲೀಗ ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು, ಮತ ಹಾಕುವ ಪತ್ರಕರ್ತರಲ್ಲಿ ಶೇ 75ರಷ್ಟು ಮಂದಿ ಒಪ್ಪಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2009ರಲ್ಲಿ ಆರಂಭಿಸಿದ ಹಾಲ್ ಆಫ್ ಫೇಮ್‌ನಲ್ಲೂ ಇಂಥದೇ ಕಾಯುವ ಅವಧಿಯಿದೆ. ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಅಲ್ಲಿ ಸೇರಿದರು. ಆಟಗಾರ ತಾನೇ ಅರ್ಜಿ ಹಿಡಿದು ಹೋಗುವ ಪ್ರಮೇಯ ಇಲ್ಲಿಲ್ಲ. ಯಾರು ಏನು ಮಾಡಿದರು ಎಂದು ಹುಡುಕಿ, ತೂಗಿ, ಬರೆದಿಡುವ ಹೊಣೆ ಸಂಸ್ಥೆಯದು.

ಈ ಹೊಣೆಯ ವರ್ಗಾವಣೆಯೇ ನಮ್ಮ ಜಿಲ್ಲೆಯ ಮಟ್ಟಿಗೆ ಮುಖ್ಯವಾದ ಅಂಶ. ಅರ್ಜಿ ಪದ್ಧತಿಯಲ್ಲಿ ಕಾಗದಪತ್ರ ಜೋಡಿಸಿಡುವ ಅನುಕೂಲ ಇದ್ದವರು ಮುಂದೆ ಬರುತ್ತಾರೆ. ಯಲ್ಲಾಪುರದ ಒಳಹಳ್ಳಿಯಿಂದ ಓಡಲು ಹೋಗಿ, ಮರಳಿ ಬಂದು, ಕೂಲಿಗೋ ಕೃಷಿಗೋ ಇಳಿದವರಿಗೆ ಆ ಅನುಕೂಲ ಇರುವುದಿಲ್ಲ. ತಡವಾದರೆ ಎಷ್ಟು ತಡವಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಮುರಳೀಕಾಂತ ಪೇಟ್ಕರ್ ಅವರೇ ಸಾಕ್ಷಿ. 1965ರ ಯುದ್ಧದಲ್ಲಿ ಗಾಯಗೊಂಡ ಈ ಸೈನಿಕ 1972ರ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದರು. ಅವರಿಗೆ ಅರ್ಜುನ ಪ್ರಶಸ್ತಿ, ಅದೂ ಜೀವಮಾನ ಸಾಧನೆಯ ವಿಭಾಗದಲ್ಲಿ, ಸಂದದ್ದು 2025ರ ಜನವರಿಯಲ್ಲಿ.

ಶಿರಸಿಯ ಉದಾಹರಣೆ: ಒಂದು ಪದ, ಹಲವು ಕೆಲಸ

ಕಾಶಿನಾಥ ನಾಯ್ಕ ಅವರ ವಿಷಯದಲ್ಲಿ ವಿವಾದವೇ ಇಲ್ಲದ ಸಂಗತಿಯೊಂದಿದೆ. ಸೇನೆಯ ಕ್ರೀಡಾಪಟುವಾಗಿದ್ದ ಅವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 74.29 ಮೀಟರ್ ದೂರ ಜಾವೆಲಿನ್ ಎಸೆದು ಕಂಚು ಗೆದ್ದರು. ನೀರಜ್ ಚೋಪ್ರಾ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆಲ್ಲುವುದಕ್ಕೆ ಎಂಟು ವರ್ಷ ಮೊದಲಿನ ಮಾತು ಇದು. ಜಿಲ್ಲೆಯ ಗೌರವ ಪಟ್ಟಿಯಲ್ಲಿ ಅವರ ಹೆಸರಿರಲು ಈ ಪದಕ ಒಂದೇ ಸಾಕು. 2021ರ ಗದ್ದಲದಲ್ಲಿ ಹಿಂದೆ ಸರಿದುಹೋದದ್ದೂ ಇದೇ ಪದಕ.

ಗದ್ದಲಕ್ಕೆ ಕಾರಣ ‘ಕೋಚ್’ ಎಂಬ ಪದ. ನೀರಜ್ ಅವರ ದಾರಿಯನ್ನೇ ನೋಡಿದರೆ, ಪಾಣಿಪತ್‌ನ ಮೈದಾನದಲ್ಲಿ ಮೊದಲು ಜಾವೆಲಿನ್ ಹಿಡಿಸಿದವರು ಜೈವೀರ್. ಪಂಚಕುಲದಲ್ಲಿ ನಸೀಮ್ ಅಹ್ಮದ್ ಇದ್ದರು. 2016ರಲ್ಲಿ 86.48 ಮೀಟರ್ ಎಸೆದು ಜೂನಿಯರ್ ವಿಶ್ವದಾಖಲೆ ಮಾಡಿದಾಗ ಆಸ್ಟ್ರೇಲಿಯಾದ ಗ್ಯಾರಿ ಕ್ಯಾಲ್ವರ್ಟ್, 2018ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಜರ್ಮನಿಯ ಉವೆ ಹೋನ್, ಟೋಕಿಯೊದಲ್ಲಿ ಕ್ಲಾಸ್ ಬಾರ್ಟೋನಿಯೆಟ್ಜ್, 2025ರಲ್ಲಿ ದೋಹಾದಲ್ಲಿ 90.23 ಮೀಟರ್ ಮುಟ್ಟಿದಾಗ ಯಾನ್ ಜೆಲೆಜ್ನಿ ಜತೆಗಿದ್ದರು. ಇವರೆಲ್ಲರೂ ಕೋಚ್‌ಗಳೇ. ಇವರಲ್ಲದೆ ರಾಷ್ಟ್ರೀಯ ಶಿಬಿರಗಳಲ್ಲಿ ದಿನನಿತ್ಯದ ಅಭ್ಯಾಸ ಮಾಡಿಸುವ ಸೇನೆಯ ಮತ್ತು ಕ್ರೀಡಾ ಪ್ರಾಧಿಕಾರದ ತರಬೇತುದಾರರು ಇರುತ್ತಾರೆ. ಫೆಡರೇಷನ್ ‘ಕೋಚ್’ ಎಂದಾಗ ಅದರ ಮನಸ್ಸಿನಲ್ಲಿರುವುದು ಅಧಿಕೃತವಾಗಿ ನೇಮಕವಾದ ವೈಯಕ್ತಿಕ ತರಬೇತುದಾರ. ಊರಿನವರು ‘ಕೋಚ್’ ಎಂದಾಗ ಅವರ ಮನಸ್ಸಿನಲ್ಲಿರುವುದು ಕಲಿಸಿದ ಕೈಗಳಲ್ಲಿ ಒಂದು. ಎರಡೂ ಅರ್ಥಕ್ಕೆ ಒಂದೇ ಪದ ಬಳಸಿದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಸುಳ್ಳಾಗಿ ಕೇಳಿಸಿತು.

ಈ ಸಮಸ್ಯೆಗೆ ಸರ್ಕಾರದ ನಿಯಮಗಳಲ್ಲೇ ಅರ್ಧ ಉತ್ತರವಿದೆ. ಅಂತರರಾಷ್ಟ್ರೀಯ ಪದಕ ಗೆದ್ದವರ ತರಬೇತುದಾರರಿಗೆ ನಗದು ಬಹುಮಾನ ಕೊಡುವಾಗ ಕೇಂದ್ರವು ತಳಮಟ್ಟದಲ್ಲಿ ಕಲಿಸಿದವರು, ಬೆಳೆಸಿದವರು, ಉನ್ನತ ಹಂತದಲ್ಲಿ ತಯಾರು ಮಾಡಿದವರು ಎಂದು ಮೂರು ಹಂತಗಳನ್ನು ಗುರುತಿಸುತ್ತದೆ. ಜಿಲ್ಲೆಯ ಪಟ್ಟಿಯೂ ಪ್ರತಿ ಆಟಗಾರನ ಹೆಸರಿನ ಎದುರು ಈ ಮೂರು ಕಾಲಂಗಳನ್ನು ಇಟ್ಟುಕೊಂಡು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾವ ಹುದ್ದೆಯಲ್ಲಿ ಎಂದು ಬರೆದುಕೊಂಡರೆ, ‘ಇವರು ಕೋಚ್ ಹೌದೋ ಅಲ್ಲವೋ’ ಎಂಬ ಜಗಳಕ್ಕೆ ಜಾಗವೇ ಉಳಿಯುವುದಿಲ್ಲ. ಹಳಿಯಾಳದ ಕುಸ್ತಿ ಮಟ್ಟಿಯಲ್ಲಿ ಮಣ್ಣು ಹದಗೊಳಿಸಿ ಹುಡುಗರಿಗೆ ಪಟ್ಟು ಹೇಳಿಕೊಡುವ ವಸ್ತಾದರಿಗೂ, ಹೈಸ್ಕೂಲಿನ ದೈಹಿಕ ಶಿಕ್ಷಕರಿಗೂ ಮೊದಲ ಕಾಲಂನಲ್ಲಿ ತಕ್ಕ ಜಾಗ ಸಿಗುತ್ತದೆ. ಇವತ್ತಿನ ಪ್ರಶಸ್ತಿ ವ್ಯವಸ್ಥೆಯಲ್ಲಿ ಆ ಮೊದಲ ಕಾಲಂ ಬಹುತೇಕ ಖಾಲಿ.

ಕುಮಟಾದಿಂದ ಭಾರತ ತಂಡದ ನೆಟ್ಸ್‌ಗೆ

ಕೋಚ್ ಎಂಬ ಹೆಸರೂ ಇಲ್ಲದ ಕೆಲಸಗಳಿವೆ. ಭಾರತ ಕ್ರಿಕೆಟ್ ತಂಡದ ಅಭ್ಯಾಸದಲ್ಲಿ ಬ್ಯಾಟರ್‌ಗಳಿಗೆ ಚೆಂಡು ಎಸೆಯುವ ‘ರಘು’, ಅಂದರೆ ಕುಮಟಾದ ರಾಘವೇಂದ್ರ, ಆಟಗಾರರೂ ಅಲ್ಲ, ತರಬೇತುದಾರರ ಪಟ್ಟಿಯಲ್ಲಿ ಮೇಲೆ ಕಾಣುವವರೂ ಅಲ್ಲ. ಅವರದು ಥ್ರೋಡೌನ್ ಪರಿಣತರ ಹುದ್ದೆ. ಕೈಯಲ್ಲಿರುವುದು ಸೈಡ್‌ಆರ್ಮ್ ಎಂಬ ಸಾಧನ, ಉದ್ದ ಹಿಡಿಯ ಸೌಟಿನಂಥದು. ಸೌಟಿನ ತುದಿಯ ಬಟ್ಟಲಿನಲ್ಲಿ ಚೆಂಡು ಸಿಕ್ಕಿಸಿ, ತೋಳನ್ನು ಬೀಸಿ, ಕೊನೆಯಲ್ಲಿ ಮಣಿಕಟ್ಟನ್ನು ಝಾಡಿಸಿ ಚೆಂಡನ್ನು ಬಿಡಬೇಕು. ಹಿಡಿಯ ಉದ್ದದಿಂದಾಗಿ ತೋಳಿನ ಬೀಸು ದೊಡ್ಡದಾಗುತ್ತದೆ, ವೇಗ ಏರುತ್ತದೆ. ಬೌಲಿಂಗ್ ಗೆರೆಗಿಂತ ಮುಂದೆ ಬಂದು ಎಸೆಯುವುದರಿಂದ ಬ್ಯಾಟರ್‌ಗೆ ಚೆಂಡು ನೋಡಿ ನಿರ್ಧರಿಸಲು ಸಿಗುವ ಹೊತ್ತು ಇನ್ನೂ ಕಡಿಮೆಯಾಗುತ್ತದೆ. ಇದನ್ನು ದಿನವೂ ನೂರಾರು ಸಲ ಎದುರಿಸಿದವನಿಗೆ ಪಂದ್ಯದಲ್ಲಿ ವೇಗದ ಬೌಲರ್ ಎದುರಾದಾಗ ತುಸು ಹೆಚ್ಚು ಸಮಯವಿದೆ ಅನಿಸುತ್ತದೆ. 2013ರ ನಂತರ ಭಾರತ ವೇಗದ ಬೌಲಿಂಗ್ ಆಡುವುದರಲ್ಲಿ ಕಂಡ ಸುಧಾರಣೆಗೆ ರಘು ಕಾರಣ ಎಂಬ ಅರ್ಥದ ಮಾತನ್ನು ವಿರಾಟ್ ಕೊಹ್ಲಿ 2020ರಲ್ಲಿ ಆಡಿದ್ದರು.

ಹೀಗಿರುವಾಗ ಇವರನ್ನು ಯಾವ ವರ್ಗದಲ್ಲಿ ಸೇರಿಸುವುದು? ಪದಕ ಇಲ್ಲ, ರನ್ ಇಲ್ಲ, ವಿಕೆಟ್ ಇಲ್ಲ. ಅರ್ಜುನ, ದ್ರೋಣಾಚಾರ್ಯ ಎಂಬ ಎರಡೇ ಬಾಗಿಲುಗಳಿರುವ ಮನೆಯಲ್ಲಿ ಇಂಥವರು ಅಂಗಳದಲ್ಲೇ ನಿಲ್ಲಬೇಕಾಗುತ್ತದೆ. ಜಿಲ್ಲೆಯ ಗೌರವಕ್ಕೆ ಮೂರನೆಯ ಬಾಗಿಲೊಂದು ಬೇಕು. ಅಂಪೈರ್‌ಗಳು, ಮೈದಾನ ಸಿದ್ಧಪಡಿಸುವವರು, ದಶಕಗಟ್ಟಲೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳನ್ನು ಕೈಯಿಂದ ಹಣ ಹಾಕಿ ನಡೆಸಿದವರು ಒಳಗೆ ಬರುವುದು ಅದರಿಂದಲೇ.

ಸಿದ್ದಿ ಓಟಗಾರರು: ಪದಕವೊಂದೇ ಅಳತೆಯಾದರೆ

‘ಪದಕ ಗೆದ್ದವರಿಗೆ ಮಾತ್ರ ಗೌರವ, ಇಲ್ಲದಿದ್ದರೆ ಪಟ್ಟಿಗೆ ಬೆಲೆಯಿಲ್ಲ’ ಎಂಬುದು ಒಂದು ಬಲವಾದ ವಾದ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಸನ್ಮಾನಗಳು ಅಗ್ಗವಾದರೆ ಶಾಲು, ಹಾರ, ಸ್ಮರಣಿಕೆ ಕಪಾಟಿನಲ್ಲಿ ಉಳಿಯುತ್ತವೆ, ಗೌರವ ಉಳಿಯುವುದಿಲ್ಲ. ಆದರೂ ಈ ಅಳತೆಗೋಲು ನಮ್ಮ ಜಿಲ್ಲೆಯ ಅತ್ಯಂತ ಮಹತ್ವದ ಕ್ರೀಡಾ ಅಧ್ಯಾಯವನ್ನೇ ಹೊರಗಿಡುತ್ತದೆ.

1980ರ ದಶಕದ ಕೊನೆಯಲ್ಲಿ ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನ ಊರುಗಳಿಂದ ಹೊರಟ ಹುಡುಗ ಹುಡುಗಿಯರಲ್ಲಿ ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿ, ವೇಗದ ಓಟಗಾರ ಜೂಜೆ ಜಾಕಿ ಹರ್ನೋಡ್ಕರ್ ಮುಂತಾದವರು ಹೆಸರು ಮಾಡಿದರು. 1993ರ ಹೊತ್ತಿಗೆ ಸಿದ್ದಿ ಮಕ್ಕಳ ಈ ಕಾರ್ಯಕ್ರಮ ನಿಂತಿತು.

ಒಬ್ಬ ಓಟಗಾರ ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಆರಂಭಿಸಿದರೆ ಅವನ ಪೂರ್ಣ ಶಕ್ತಿ ಕಾಣುವುದು ಇಪ್ಪತ್ತು ದಾಟಿದ ಮೇಲೆ. 1987ರ ಸುಮಾರಿಗೆ ಸೇರಿದ ಮಕ್ಕಳು ಆ ಹಂತ ಮುಟ್ಟುವಷ್ಟರಲ್ಲಿ ಹಾಸ್ಟೆಲು, ಊಟ, ತರಬೇತುದಾರ ಎಲ್ಲವೂ ಕೈತಪ್ಪಿದವು. ಸಾಕಷ್ಟು ದೊಡ್ಡ ಪದಕ ಬರಲಿಲ್ಲ ಎಂದು ಈಗ ಹೇಳಿದರೆ, ಬೆಳೆ ಹೊಡೆಯಾಗುವ ಮೊದಲೇ ನೀರು ನಿಲ್ಲಿಸಿ ಫಸಲು ಎಲ್ಲಿ ಎಂದು ಕೇಳಿದಂತಾಗುತ್ತದೆ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಂದರೆ ಈ ಮಕ್ಕಳು ಓಡುತ್ತಿದ್ದ ಕಾಲದಲ್ಲಿ ಆ ಆಧಾರವೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಸಿದ್ದಿ ಮಕ್ಕಳಿಗೆ ಮತ್ತೆ ತರಬೇತಿಯ ಪ್ರಯತ್ನಗಳು ನಡೆದವು ಎಂಬುದು ನಿಜ. ಆದರೆ ಮೊದಲ ತಂಡದಲ್ಲಿ ಯಾರ‍್ಯಾರಿದ್ದರು, ಯಾರು ಎಷ್ಟು ಸೆಕೆಂಡಿನಲ್ಲಿ ಓಡಿದರು, ಯಾರು ಯಾಕೆ ಮರಳಿದರು ಎಂಬ ಪೂರ್ಣ ದಾಖಲೆ ಜಿಲ್ಲೆಯ ಜನರ ಕೈಗೆ ಸಿಗುವಂತೆ ಇರಬೇಕು. ಗೌರವ ಪಟ್ಟಿಯಲ್ಲಿ ಇವರನ್ನು ಒಬ್ಬೊಬ್ಬರಾಗಿ ಸೇರಿಸುವುದರ ಜತೆಗೆ ಒಂದು ತಂಡವಾಗಿಯೂ ಸೇರಿಸಲು ಅವಕಾಶ ಬೇಕು.

‘ಜಿಲ್ಲಾ ಮಟ್ಟ’ ಎಂದರೆ ಯಾವ ಜಿಲ್ಲೆ?

ದಾಖಲೆ ಮಾಡಲು ಕೂತರೆ ಮೊದಲು ಎದುರಾಗುವ ತೊಡಕು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಕಂದಾಯ ಲೆಕ್ಕದಲ್ಲಿ ಉತ್ತರ ಕನ್ನಡ ಹನ್ನೆರಡು ತಾಲೂಕುಗಳ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಕಾರವಾರ ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನ ತಾಲೂಕುಗಳು ಸೇರಿ ಶಿರಸಿ ಶೈಕ್ಷಣಿಕ ಜಿಲ್ಲೆ. ಶಾಲಾ ಕ್ರೀಡಾಕೂಟ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತುವಾಗ ಜಿಲ್ಲೆಯ ಮೆಟ್ಟಿಲಲ್ಲಿ ಇಬ್ಬರು ಪ್ರಥಮರು ಇರುತ್ತಾರೆ, ಒಬ್ಬರು ಕರಾವಳಿಯವರು, ಇನ್ನೊಬ್ಬರು ಘಟ್ಟದವರು. ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟದಲ್ಲಿ ಜಿಲ್ಲೆಗೆ ಪ್ರಥಮ ಎಂದರೆ ಹನ್ನೆರಡೂ ತಾಲೂಕುಗಳಿಗೆ ಪ್ರಥಮ. ಎರಡೂ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಪದ ‘ಜಿಲ್ಲಾ ಮಟ್ಟ’ ಎಂಬುದೇ. ಈ ವ್ಯತ್ಯಾಸ ಗೊತ್ತಿಲ್ಲದ ಸಮಿತಿಯೊಂದು ಅಂಕ ಹಾಕಲು ಕೂತರೆ ಯಾರಿಗಾದರೂ ಅನ್ಯಾಯವಾಗುವುದು ಖಂಡಿತ.

ಇನ್ನು ಪ್ರಮಾಣಪತ್ರದ ಸ್ಥಿತಿ. ಮೊದಲೇ ಮುದ್ರಿಸಿದ ಹಾಳೆಯಲ್ಲಿ ಹೆಸರು, ಶಾಲೆ, ಸ್ಪರ್ಧೆ, ಸ್ಥಾನ ಮಾತ್ರ ಶಾಯಿಯಲ್ಲಿ ತುಂಬಿರುತ್ತದೆ. ಓಟದ ಸಮಯ, ಎಸೆತದ ದೂರ ಬರೆಯಲು ಹಲವು ಹಾಳೆಗಳಲ್ಲಿ ಗೆರೆಯೇ ಇರುವುದಿಲ್ಲ. ಕರಾವಳಿಯ ಮನೆಗಳಲ್ಲಿ ನಾಲ್ಕು ತಿಂಗಳ ಮಳೆಗೆ ಗೋಡೆಯೇ ಬೆವರುತ್ತದೆ. ಹಾಳಾಗದಿರಲಿ ಎಂದು ಲ್ಯಾಮಿನೇಷನ್ ಮಾಡಿಸಿಟ್ಟ ಹಾಳೆಯ ಅಂಚಿನಿಂದ ತೇವ ಒಳಸೇರಿದರೆ ಮೊದಲು ಹರಡಿ ಮಸುಕಾಗುವುದು ಆ ಶಾಯಿ. ಅಚ್ಚಿನ ಅಕ್ಷರ, ಇಲಾಖೆಯ ಲಾಂಛನ ಸ್ಪಷ್ಟವಾಗಿ ಉಳಿಯುತ್ತವೆ, ಹುಡುಗಿಯ ಹೆಸರು ಉಳಿಯುವುದಿಲ್ಲ. ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟಿಗೋ ನೌಕರಿಗೋ ಹೋದಾಗ ಬೇಕಾಗುವುದು ಅದೇ ಹೆಸರು. ಹಾಗಾಗಿ ಜಿಲ್ಲೆಯ ದಾಖಲೆ ಎಂಬುದು ನಿವೃತ್ತರ ನೆನಪಿಗೆ ಮಾತ್ರ ಸಂಬಂಧಿಸಿದ್ದಲ್ಲ, ಈಗ ಆಡುತ್ತಿರುವವರ ಹೊಟ್ಟೆಪಾಡಿನ ವಿಷಯವೂ ಹೌದು.

ನಮ್ಮವರು ಎನ್ನುವುದಕ್ಕೆ ಗಡಿ ಎಲ್ಲಿ?

ಇಲ್ಲಿ ಹುಟ್ಟಿ ಬೇರೆಡೆ ಬೆಳೆದವರನ್ನು ಸೇರಿಸಿಕೊಳ್ಳಲು ಯಾರ ತಕರಾರೂ ಇರುವುದಿಲ್ಲ. ಕಠಿಣವಾದದ್ದು ಇದರ ತಿರುವುಮುರುವು. ಕೈಗಾ ಅಣು ವಿದ್ಯುತ್ ಸ್ಥಾವರದ ಟೌನ್‌ಶಿಪ್‌ನಲ್ಲೋ ಕಾರವಾರದ ನೌಕಾನೆಲೆಯ ವಸತಿಯಲ್ಲೋ ಬೆಳೆದ ಮಗು ಇಲ್ಲಿನ ಮೈದಾನದಲ್ಲೇ ಓಟ ಕಲಿತು, ತಂದೆಗೆ ವರ್ಗವಾದ ಮೇಲೆ ಬೇರೆ ರಾಜ್ಯಕ್ಕೆ ಪದಕ ತಂದರೆ ಅದು ಯಾರ ಲೆಕ್ಕ? ಕಾಳಿ ಸೇತುವೆ ದಾಟಿ ಗೋವಾದ ಕ್ಲಬ್‌ಗೆ ಆಡುವ ಕಾರವಾರದ ಹುಡುಗ ಯಾರ ಲೆಕ್ಕ? ಹುಟ್ಟೂರು, ಕಲಿತ ಊರು, ಪ್ರತಿನಿಧಿಸಿದ ತಂಡ ಈ ಮೂರನ್ನೂ ಬೇರೆ ಬೇರೆ ನಮೂದಿಸಿ, ಮೂರರಲ್ಲಿ ಒಂದು ಜಿಲ್ಲೆಗೆ ಸೇರಿದ್ದರೂ ಪರಿಗಣಿಸುವುದು ಸರಿಯಾದ ದಾರಿ. ಯಾರದೋ ಹೆಸರನ್ನು ನಮ್ಮದಾಗಿಸಿಕೊಂಡೆವು ಎಂಬ ಆರೋಪಕ್ಕೂ ಇದರಿಂದ ಎಡೆಯಿರುವುದಿಲ್ಲ, ಏಕೆಂದರೆ ಸಂಬಂಧ ಯಾವುದೆಂದು ಅಲ್ಲೇ ಬರೆದಿರುತ್ತದೆ.

ಸೇರಿಸಿದ ಹೆಸರನ್ನು ತೆಗೆಯಬೇಕಾದ ಪ್ರಸಂಗಕ್ಕೂ ನಿಯಮ ಮೊದಲೇ ಇರಬೇಕು. ಉದ್ದೀಪನ ಮದ್ದು ಸಾಬೀತಾದರೆ, ಅಥವಾ ತರಬೇತುದಾರನ ಮೇಲೆ ಮಕ್ಕಳ ಶೋಷಣೆಯ ಅಪರಾಧ ಸಾಬೀತಾದರೆ ಏನು ಮಾಡಬೇಕು ಎಂದು ಘಟನೆ ನಡೆದ ಮೇಲೆ ಯೋಚಿಸಲು ಹೊರಟರೆ ನಿರ್ಧಾರ ವ್ಯಕ್ತಿಯ ಪ್ರಭಾವಕ್ಕೆ ಸಿಲುಕುತ್ತದೆ. ನಿವೃತ್ತಿಯ ನಂತರ ಕೆಲವು ವರ್ಷ ಕಾಯುವ ನಿಯಮ ಈ ಕಾರಣಕ್ಕೂ ಉಪಯುಕ್ತ.

ಮೈದಾನಕ್ಕೇ ಹಣವಿಲ್ಲದಾಗ ಇದೇಕೆ?

ಗೌರವ ಭವನದ ಮಾತು ಎತ್ತಿದರೆ ಬರುವ ನೇರ ಆಕ್ಷೇಪ ಇದು: ಮಳೆಗಾಲದಲ್ಲಿ ಕೆಸರಾಗುವ ಶಾಲಾ ಅಂಗಳ, ಖಾಲಿ ಉಳಿದ ದೈಹಿಕ ಶಿಕ್ಷಕರ ಹುದ್ದೆಗಳು ಕಣ್ಣೆದುರಿಗಿರುವಾಗ ಹಳಬರ ಫೋಟೊ ತೂಗುಹಾಕಲು ಹಣ ಸುರಿಯಬೇಕೇ? ಕಟ್ಟಡದ ಮಟ್ಟಿಗೆ ಈ ಆಕ್ಷೇಪ ಪೂರ್ತಿ ಸರಿ. ಕೋಟಿಗಟ್ಟಲೆಯ ಭವನ ಎದ್ದರೆ ಅದರ ವಿದ್ಯುತ್ ಬಿಲ್ಲು, ಸಿಬ್ಬಂದಿ, ಸೋರುವ ಛಾವಣಿಯ ರಿಪೇರಿ ಎಲ್ಲವೂ ಬರುವುದು ಅದೇ ಕ್ರೀಡಾ ಅನುದಾನದಿಂದ.

ದಾಖಲೆಗೆ ಅಷ್ಟು ಹಣ ಬೇಡ. ಕಾರವಾರದ ಕ್ರೀಡಾಂಗಣದಲ್ಲಿ ಒಂದು ಗೋಡೆ, ಘಟ್ಟದ ಮೇಲಿನವರಿಗೆ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲಿ ಇನ್ನೊಂದು ಗೋಡೆ, ಎಲ್ಲರೂ ಮೊಬೈಲ್‌ನಲ್ಲಿ ನೋಡಬಹುದಾದ ಒಂದು ಪಟ್ಟಿ, ಅದನ್ನು ಪರಿಶೀಲಿಸುವ ಒಂದು ಸಮಿತಿ ಸಾಕು. ಸಮಿತಿಯಲ್ಲಿ ಎರಡೂ ಶೈಕ್ಷಣಿಕ ಜಿಲ್ಲೆಗಳ ನಿವೃತ್ತ ದೈಹಿಕ ಶಿಕ್ಷಕರು, ಕ್ರೀಡಾ ಇಲಾಖೆಯವರು, ಪತ್ರಕರ್ತರು, ಸಿದ್ದಿ ಮತ್ತು ಮೀನುಗಾರ ಸಮುದಾಯಗಳ ಆಟಗಾರರು ಇರಬೇಕು. ಅಧಿಕಾರದಲ್ಲಿರುವ ಜನಪ್ರತಿನಿಧಿಗಳು ಉದ್ಘಾಟನೆಗೆ ಬರಲಿ, ಆಯ್ಕೆಯ ಮೇಜಿನಲ್ಲಿ ಕೂರುವುದು ಬೇಡ. ವರ್ಷಕ್ಕೆ ಇಷ್ಟೇ ಹೆಸರು ಎಂಬ ಮಿತಿಯಿದ್ದರೆ ಪಟ್ಟಿ ಉಬ್ಬುವುದಿಲ್ಲ. ದಾಖಲೆಯಲ್ಲಿ ಮಾತ್ರ ಮಿತಿ ಇರಬಾರದು. ವಿಭಾಗ ಮಟ್ಟದಲ್ಲಿ ಮೂರನೆಯ ಸ್ಥಾನ ಪಡೆದ ಹೊನ್ನಾವರದ ಹುಡುಗಿಯ ಹೆಸರೂ ಅಲ್ಲಿರಬೇಕು. ಗೋಡೆಯ ಮೇಲೆ ಬರುವ ಕೆಲವರನ್ನು ಆರಿಸುವುದು ಈ ಸಾವಿರಾರು ಹೆಸರುಗಳ ನಡುವಿನಿಂದ.

ದಾಖಲೆಯಿಂದ ಮೈದಾನಕ್ಕೂ ಲಾಭವಿದೆ. ಯಾವ ತಾಲೂಕಿನಿಂದ ಎಸೆತಗಾರರು, ಯಾವ ಊರಿಂದ ಕುಸ್ತಿಪಟುಗಳು ಬಂದಿದ್ದಾರೆ, ಯಾವ ಶಾಲೆಯ ಹೆಸರು ಪದೇ ಪದೇ ಕಾಣಿಸಿಕೊಳ್ಳುತ್ತಿದ್ದು ಒಬ್ಬ ಶಿಕ್ಷಕ ನಿವೃತ್ತನಾದ ವರ್ಷದಿಂದ ಮಾಯವಾಯಿತು ಎಂಬುದು ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಖಾಲಿ ಹುದ್ದೆ ತುಂಬಿ ಎಂದು ಕೇಳಲು ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಬೇಕಿಲ್ಲ.

ಸಮಯದ ಲೆಕ್ಕ

1987ರ ಸುಮಾರಿಗೆ ತರಬೇತಿಗೆ ಹೊರಟ ಸಿದ್ದಿ ಮಕ್ಕಳಿಗೆ ಈಗ ಐವತ್ತರ ಆಸುಪಾಸು. ಅವರನ್ನು ಮೊದಲು ಗುರುತಿಸಿದ ಮಾಸ್ತರುಗಳು ಎಂಬತ್ತರ ಅಂಚಿನಲ್ಲಿದ್ದಾರು. ಮಕ್ಕಳ ಸಂಖ್ಯೆ ಕುಸಿದು ಸಣ್ಣ ಶಾಲೆಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿರುವ ಮಲೆನಾಡಿನ ಊರುಗಳಲ್ಲಿ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳನ್ನು ಪಕ್ಕದ ಶಾಲೆಗೆ ಒಪ್ಪಿಸಲಾಗುತ್ತದೆ. ಕ್ರೀಡಾಕೂಟದ ಫಲಿತಾಂಶದ ಹಾಳೆ, ಗುಂಪು ಫೋಟೊ, ಗೆದ್ದ ಷೀಲ್ಡುಗಳು ಒಪ್ಪಿಸಲೇಬೇಕಾದ ವಸ್ತುಗಳ ಪಟ್ಟಿಗೂ ಸೇರಬೇಕು. ದಾಖಲೆಯ ಕೆಲಸ ಆರಂಭಿಸುವುದಾದರೆ ಮೊದಲು ತೆರೆಯಬೇಕಾದದ್ದು ಆ ಶಾಲೆಗಳ ಕಪಾಟುಗಳನ್ನು, ಅದೂ ಮುಂದಿನ ಮಳೆಗಾಲಕ್ಕೆ ಮೊದಲು.